ಟೋಕಿಯೊದಲ್ಲಿ ಒಬ್ಬಳೇ, ಮೊದಲ ದಿನ ಏನು ಮಾಡಲಿ?

ಪ್ರಶ್ನೆ: ಮುಂದಿನ ತಿಂಗಳು ಒಬ್ಬಳೇ ಟೋಕಿಯೊಗೆ ಹೊರಟಿದ್ದೇನೆ. ವಿದೇಶಕ್ಕೆ ಇದೇ ಮೊದಲು. ಬೆಳಿಗ್ಗೆ 8ಕ್ಕೆ ನರಿತಾ ವಿಮಾನ ನಿಲ್ದಾಣದಲ್ಲಿ ಇಳಿಯುತ್ತೇನೆ, ಹೋಟೆಲ್ ಉಯೆನೊ ಹತ್ತಿರ. ಮೊದಲ ದಿನಕ್ಕೇ ಏಳು ಜಾಗ ಬರೆದಿಟ್ಟುಕೊಂಡಿದ್ದೇನೆ. ಆದರೆ ಭಾಷೆ ಒಂದಕ್ಷರ ಬರುವುದಿಲ್ಲ, ದಾರಿ ತಪ್ಪಿದರೆ ಏನು ಗತಿ ಅನ್ನೋ ಭಯ ಬೇರೆ. ಏಳೂ ನೋಡೋಕೆ ಆಗುತ್ತಾ?

ಉತ್ತರ: ಆಗೋದಿಲ್ಲ. ಆ ಪಟ್ಟಿಯನ್ನು ಎರಡನೇ ದಿನಕ್ಕೆ ಎತ್ತಿಡಿ. ನರಿತಾ ಇರುವುದು ಊರಿನ ನಡುಭಾಗದಿಂದ ಸುಮಾರು 60 ಕಿ.ಮೀ. ಆಚೆ. ಇಮಿಗ್ರೇಶನ್ ಸಾಲು ಮುಗಿಸಿ, ಸ್ಕೈಲೈನರ್ ರೈಲಿನಲ್ಲಿ 40 ನಿಮಿಷ ಕೂತು ಉಯೆನೊ ಮುಟ್ಟುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ, ರಾತ್ರಿಯೆಲ್ಲ ವಿಮಾನದ ಸೀಟಿನಲ್ಲಿ ಮುದುಡಿದ್ದ ಮೈಯೂ ಸುಸ್ತಾಗಿರುತ್ತದೆ.

ಭಯದ ವಿಷಯ ಹೇಳಿದಿರಲ್ಲ, ಅದಕ್ಕೆ ಬರುತ್ತೇನೆ. ನನ್ನ ಮೊದಲ ದಿನ ನಾನು ಸೀದಾ ಶಿಂಜುಕುಗೆ ಹೋದೆ. ಜಗತ್ತಿನಲ್ಲೇ ಅತಿ ಹೆಚ್ಚು ಜನ ಓಡಾಡುವ ಸ್ಟೇಷನ್ ಅಂತ ಗಿನ್ನೆಸ್ ದಾಖಲೆ ಇರುವ ಜಾಗ ಅದು, ಹೊರಗೆ ಹೋಗುವ ದಾರಿಗಳೇ 200ಕ್ಕೂ ಜಾಸ್ತಿ. ನಾನು ಹತ್ತಿ ಬಂದದ್ದು ತಪ್ಪು ದಾರಿ. ನನ್ನ ಹೋಟೆಲ್ ಸ್ಟೇಷನ್ನಿನ ಇನ್ನೊಂದು ಮಗ್ಗುಲಲ್ಲಿತ್ತು, ನಾನು ಬ್ಯಾಗ್ ಎಳೆದುಕೊಂಡು ಒಂದು ಗಂಟೆ ಸುತ್ತಿದೆ, ಕಣ್ಣಲ್ಲಿ ನೀರೇ ಬಂದಿತ್ತು. ಯಾರೂ ಏನೂ ತೊಂದರೆ ಕೊಟ್ಟಿರಲಿಲ್ಲ. ಊರಿನ ಯಾವ ಮೂಲೆಯಲ್ಲಿ ನಿಂತಿದ್ದೇನೆ ಅಂತ ಗೊತ್ತಿರಲಿಲ್ಲ, ಅಷ್ಟೇ.

ಹಾಗಾಗಿ ಮೊದಲ ದಿನ ಯಾಮಾನೋತೆ ರೈಲು ಹತ್ತಿ. ಇದು ಊರಿನ ನಡುಭಾಗವನ್ನು ಬಳಸಿಕೊಂಡು ಸುತ್ತುತ್ತಲೇ ಇರುವ ಲೈನ್. 30 ಸ್ಟೇಷನ್, ಒಂದು ಸುತ್ತಿಗೆ ಹತ್ತಿರ ಹತ್ತಿರ ಒಂದು ಗಂಟೆ. ತಪ್ಪು ದಿಕ್ಕಿನ ರೈಲು ಹತ್ತಿದರೂ ನಿಮ್ಮ ಸ್ಟೇಷನ್ ಬಂದೇ ಬರುತ್ತದೆ, ಸ್ವಲ್ಪ ತಡವಾಗಬಹುದು. ಒಂಟಿಯಾಗಿ ಬಂದವರಿಗೆ ಇದಕ್ಕಿಂತ ಧೈರ್ಯ ಇನ್ನೇನು ಬೇಕು?

ನಿಲ್ದಾಣದ ಹೆಸರು ಓದೋಕೆ ಕಷ್ಟ ಆದರೆ ನಂಬರ್ ನೋಡಿ. ಉಯೆನೊ ಅಂದರೆ ಜೆವೈ 05 (ಜೆವೈ, JY, ಅನ್ನೋದು ಯಾಮಾನೋತೆ ಲೈನಿನ ಗುರುತು). ಟೋಕಿಯೊ ಸ್ಟೇಷನ್ ಕಡೆಗೆ ಹೊರಟರೆ ನಂಬರ್ ಇಳಿಯುತ್ತಾ 01ಕ್ಕೆ ಬರುತ್ತದೆ, ಆಮೇಲೆ 30, 29 ಅಂತ ಮತ್ತೆ ಇಳಿಯುತ್ತದೆ. ನೀವು 19ರಲ್ಲಿ, ಅಂದರೆ ಹರಾಜುಕುವಿನಲ್ಲಿ ಇಳಿಯಿರಿ. ಒಂದು ಎಚ್ಚರಿಕೆ: ತಿಳಿಹಸಿರು ಪಟ್ಟಿಯ ರೈಲನ್ನೇ ಹತ್ತಬೇಕು. ಅದೇ ಪ್ಲಾಟ್‌ಫಾರ್ಮಿನ ಇನ್ನೊಂದು ಬದಿಗೆ ತಿಳಿನೀಲಿ ಪಟ್ಟಿಯ ರೈಲು ಬರುತ್ತದೆ, ಅದು ಸುತ್ತು ಹಾಕೋದಿಲ್ಲ, ಯೊಕೊಹಾಮಾ ಕಡೆ ಹೊರಟುಬಿಡುತ್ತದೆ. ಟಿಕೆಟ್ಟಿನ ಬದಲು ಮೊದಲೇ ದುಡ್ಡು ತುಂಬಿಸಿಡುವ ಸುಯಿಕಾ ಅಥವಾ ಪಾಸ್ಮೊ ಕಾರ್ಡ್ ತೆಗೆದುಕೊಂಡರೆ ಒಳಗೆ ಹೋಗುವಾಗ, ಹೊರಗೆ ಬರುವಾಗ ಗೇಟಿಗೆ ಮುಟ್ಟಿಸಿದರೆ ಸಾಕು.

ಹರಾಜುಕು ಸ್ಟೇಷನ್ ಪಕ್ಕದಲ್ಲೇ ಮೇಜಿ ದೇಗುಲದ ಕಾಡಿದೆ. 1920ರಲ್ಲಿ ದೇಗುಲ ಕಟ್ಟಿದಾಗ ದೇಶದ ಮೂಲೆ ಮೂಲೆಯಿಂದ ಜನ ಕೊಟ್ಟ ಸುಮಾರು ಒಂದು ಲಕ್ಷ ಮರಗಳನ್ನು ನೆಟ್ಟು ಬೆಳೆಸಿದ ಕಾಡು ಇದು. ಒಳಗೆ ಹತ್ತು ಹೆಜ್ಜೆ ಇಟ್ಟರೆ ಊರಿನ ಸದ್ದು ಇಳಿದುಹೋಗುತ್ತದೆ. ಸುಮ್ನೆ ನಡೆಯಿರಿ, ಸುಸ್ತಾದರೆ ಕೂತುಕೊಳ್ಳಿ. ಸೂರ್ಯ ಮುಳುಗಿದಾಗ ಬಾಗಿಲು ಹಾಕುತ್ತಾರೆ, ಅಷ್ಟರೊಳಗೆ ಹೊರಬನ್ನಿ. ಮೈಯಲ್ಲಿ ಇನ್ನೂ ಶಕ್ತಿ ಇದ್ದರೆ ಶಿಬುಯಾವರೆಗೆ ನಡೆದುಕೊಂಡೇ ಹೋಗಬಹುದು, 20 ನಿಮಿಷದ ದಾರಿ. ಇಲ್ಲದಿದ್ದರೆ ಅದೇ ಹಸಿರು ರೈಲು ಹಿಡಿದು 05ಕ್ಕೆ ವಾಪಸ್.

ಆದರೂ ದಾರಿ ತಪ್ಪಿತು ಅನ್ನಿ. ಆಗ ಕೋಬಾನ್ ಹುಡುಕಿ. ಸ್ಟೇಷನ್ನುಗಳ ಹತ್ತಿರ ಇರುವ ಚಿಕ್ಕ ಪೊಲೀಸ್ ಚೌಕಿ ಅದು, ಅಲ್ಲಿನವರೂ ದಾರಿ ಕೇಳೋಕೆ ಅಲ್ಲಿಗೇ ಹೋಗುತ್ತಾರೆ. ಹೋಟೆಲಿನ ವಿಳಾಸವನ್ನು ಜಪಾನಿ ಲಿಪಿಯಲ್ಲಿ ಬರೆಸಿಟ್ಟುಕೊಂಡಿದ್ದರೆ ಮಾತೇ ಬೇಕಾಗುವುದಿಲ್ಲ, ಚೀಟಿ ತೋರಿಸಿ.

ಪ್ರಶ್ನೆ: ಹೋಟೆಲಿನಲ್ಲಿ ರೂಮ್ ಕೊಡುವುದು ಮಧ್ಯಾಹ್ನ 3ಕ್ಕಂತೆ. ಅಲ್ಲಿವರೆಗೆ ಬ್ಯಾಗ್ ಎಲ್ಲಿಡಲಿ?

ಉತ್ತರ: ಹೋಟೆಲಿನಲ್ಲೇ ಕೇಳಿ, ರೂಮ್ ಸಿಗುವ ಮೊದಲೂ ಸಾಮಾನ್ಯವಾಗಿ ಇಟ್ಟುಕೊಳ್ಳುತ್ತಾರೆ. ಆಗದಿದ್ದರೆ ಸ್ಟೇಷನ್ನಿನಲ್ಲಿ ಕಾಯಿನ್ ಲಾಕರ್ ಇವೆ. ಪಾಸ್‌ಪೋರ್ಟ್ ಮಾತ್ರ ಬ್ಯಾಗಿನಲ್ಲಿ ಬಿಟ್ಟು ಹೋಗಬೇಡಿ. ಪ್ರವಾಸಿಗರು ಅದನ್ನು ಸದಾ ಜೊತೆಯಲ್ಲೇ ಇಟ್ಟುಕೊಂಡಿರಬೇಕು ಅನ್ನುವುದು ಅಲ್ಲಿನ ಕಾನೂನು.