ಜಪಾನಿಗೆ ಹೊರಟವರ ಕಾರ್ಡು, ಕಕ್ಕಬ್ಬೆಗೆ ಬಂದವರ ಕಾರ್ಡು

ಪ್ರಶ್ನೆ: ನಮಸ್ತೆ ಮೇಡಂ. ನಾಪೋಕ್ಲು ಹತ್ರ ನಮ್ದು ಸಣ್ಣ ತೋಟ. ಕಾಫಿ ಕುಯ್ಲು, ಕರಿಮೆಣಸು ಎಲ್ಲ ಮುಗಿಸ್ಕೊಂಡು ಏಪ್ರಿಲಲ್ಲಿ ನಾನು, ಮನೆಯವ್ರು, 8 ವರ್ಷದ ಮಗಳು ಜಪಾನಿಗೆ ಹೊರಟಿದ್ದೀವಿ. ಟೋಕಿಯೋದಲ್ಲಿ ಇಳಿದು, ಕ್ಯೋಟೋ ನೋಡ್ಕೊಂಡು, ಒಸಾಕಾದಿಂದ ವಾಪಸ್. ಟ್ರಾವೆಲ್ಸ್‌ನವ್ರು ಫಾರೆಕ್ಸ್ ಕಾರ್ಡ್ ಇದ್ರೆ ಸಾಕು ಅಂತಾರೆ. ಅಣ್ಣನ ಮಗ ಅಲ್ಲಿನ ರೈಲಿಗೆ, ಬಸ್ಸಿಗೆ ಸುಯಿಕಾ ಅನ್ನೋ ಕಾರ್ಡ್ ಬೇಕೇ ಬೇಕು ಅಂತಾನೆ. ಆ ಕಾರ್ಡ್ ಮಾರೋದೇ ನಿಲ್ಸಿದ್ದಾರೆ ಅಂತ ಇನ್ನೊಬ್ರು ಹೇಳಿದ್ರು. ಯಾರ ಮಾತು ನಂಬೋದು? ಮೂರು ಜನಕ್ಕೆ ಒಂದೇ ಕಾರ್ಡ್ ಸಾಕಾಗಲ್ವಾ?

ಉತ್ತರ: ಮೊದಲು ಆ ಕೊನೇ ಮಾತು ಇತ್ಯರ್ಥ ಮಾಡೋಣ. ಚಿಪ್ ಸಿಗ್ತಿಲ್ಲ ಅಂತ 2023ರ ಜೂನಲ್ಲಿ ಟೋಕಿಯೋದ ಸುಯಿಕಾ, ಅದೇ ಥರದ ಪಾಸ್ಮೋ ಎರಡೂ ಕಾರ್ಡಿನ ಮಾರಾಟ ನಿಲ್ಸಿದ್ದು ನಿಜ, ಆದ್ರೆ 2025ರ ಮಾರ್ಚಿಂದ ಮತ್ತೆ ಕೊಡ್ತಿದ್ದಾರೆ, ನಿಮ್ಗೆ ಹೇಳಿದವ್ರು ಹಳೇ ಸುದ್ದಿ ಹೇಳಿದ್ದಾರೆ ಅಷ್ಟೆ.

ಇನ್ನು ಫಾರೆಕ್ಸ್ ಕಾರ್ಡೂ ರೈಲು ಕಾರ್ಡೂ ಒಂದರ ಬದಲು ಇನ್ನೊಂದು ಅಲ್ಲ, ಎರಡೂ ಬೇಕು. ಫಾರೆಕ್ಸ್ ಕಾರ್ಡಿಗೆ ಇಲ್ಲೇ ಯೆನ್ ತುಂಬಿಸ್ಕೊಂಡು ಹೋದ್ರೆ ಹೋಟೆಲ್ಲು, ದೊಡ್ಡ ಅಂಗಡಿ, ಶಿಂಕಾನ್ಸೆನ್ (ಬುಲೆಟ್ ರೈಲು) ಟಿಕೆಟ್ಟು ಇಂಥದ್ದಕ್ಕೆಲ್ಲ ಆಗುತ್ತೆ, ಸೆವೆನ್ ಇಲೆವೆನ್ ಅಂಗಡಿಗಳ ಎಟಿಎಮ್ಮಲ್ಲಿ ಕ್ಯಾಶೂ ತೆಗೀಬಹುದು. ಆದ್ರೆ ಟೋಕಿಯೋದ ಜೆಆರ್ (ಜಪಾನ್ ರೈಲ್ವೆ) ಸ್ಟೇಷನ್ ಗೇಟಿಗೆ ಅದನ್ನ ಹಿಡಿದ್ರೆ ಗೇಟ್ ತೆಗಿಯಲ್ಲ. ಒಸಾಕಾ ಮೆಟ್ರೋದಂಥ ಕಡೆ ಬ್ಯಾಂಕ್ ಕಾರ್ಡ್ ಟ್ಯಾಪ್ ಮಾಡೋ ವ್ಯವಸ್ಥೆ ಬಂದಿದೆ ಸರಿ, ಅದೊಂದನ್ನೇ ನೆಚ್ಕೊಂಡು ಪೂರ್ತಿ ಪ್ರವಾಸ ಮಾಡಕ್ಕಾಗಲ್ಲ.

ಈಗ ಯಾವ ರೈಲು ಕಾರ್ಡು ಅನ್ನೋದು. ಸುಯಿಕಾ, ಪಾಸ್ಮೋ, ಒಸಾಕಾ ಕಡೆಯ ಇಕೋಕಾ ಅಂತ ಹತ್ತು ಥರ ಇದಾವೆ, ಹೆಸರು ಕೇಳಿ ಗಾಬರಿ ಆಗ್ಬೇಡಿ, 2013ರಿಂದ ಒಂದು ಊರಿನ ಕಾರ್ಡು ಇನ್ನೊಂದು ಊರಲ್ಲೂ ನಡೆಯುತ್ತೆ. ಟೋಕಿಯೋದಲ್ಲಿ ತಗೊಂಡ ಸುಯಿಕಾ ಕ್ಯೋಟೋ ಬಸ್ಸಲ್ಲೂ ಓಡುತ್ತೆ. ವ್ಯತ್ಯಾಸ ಬರೋದು ಕಾರ್ಡ್ ವಾಪಸ್ ಕೊಡೋವಾಗ. ಮಾಮೂಲಿ ಸುಯಿಕಾಗೆ 500 ಯೆನ್ ಡೆಪಾಸಿಟ್ ಇಟ್ಕೋತಾರೆ, ಆ ಡೆಪಾಸಿಟ್ಟೂ ಉಳಿದ ದುಡ್ಡೂ ವಾಪಸ್ ಬೇಕಂದ್ರೆ ಟೋಕಿಯೋ ಕಡೆಯ ಜೆಆರ್ ಈಸ್ಟ್ ಕೌಂಟರಿಗೇ ಹೋಗ್ಬೇಕು, ಉಳಿದ ದುಡ್ಡಲ್ಲಿ 220 ಯೆನ್ ಶುಲ್ಕಾನೂ ಹಿಡೀತಾರೆ. ನೀವು ವಾಪಸ್ ವಿಮಾನ ಹತ್ತೋದು ಒಸಾಕಾದಲ್ಲಿ, ಅಲ್ಲಿ ಸುಯಿಕಾ ವಾಪಸ್ ತಗೊಳ್ಳಲ್ಲ. ಹಾಗಾಗಿ ನಿಮ್ಗೆ ನನ್ನ ಸಲಹೆ ವೆಲ್ಕಮ್ ಸುಯಿಕಾ. ಪ್ರವಾಸಿಗಳಿಗೆ ಅಂತಲೇ ಮಾಡಿರೋದು, ನರಿಟಾ, ಹನೆಡಾ ಎರಡೂ ಏರ್‌ಪೋರ್ಟ್ ಸ್ಟೇಷನ್ನಲ್ಲಿ ಸಿಗುತ್ತೆ, ಡೆಪಾಸಿಟ್ ಇಲ್ಲ, 28 ದಿನ ನಡೆಯುತ್ತೆ. ಆದ್ರೆ ಉಳಿದ ದುಡ್ಡು ವಾಪಸ್ ಬರೋದೇ ಇಲ್ಲ, ಅದಕ್ಕೇ ಸ್ವಲ್ಪ ಸ್ವಲ್ಪ ಹಾಕಿಸ್ಕೊಳ್ಳಿ, ಮೊದಲು ತಲೆಗೆ 2,000 ಯೆನ್ ಸಾಕು. ಕಾರ್ಡ್ ಜೊತೆ ಒಂದು ಚೀಟಿ ಕೊಡ್ತಾರೆ, ಎಸೀಬೇಡಿ, ಅವಧಿ ಯಾವತ್ತಿನವರೆಗೆ ಅಂತ ತೋರ್ಸಕ್ಕೆ ಅದೇ ಆಧಾರ. ಒಸಾಕಾದಲ್ಲೇ ಇಳಿದು ಒಸಾಕಾದಿಂದಲೇ ಹೊರಡೋರಾಗಿದ್ರೆ ಇಕೋಕಾ ತಗೊಳ್ಳಿ ಅಂತಿದ್ದೆ.

ಒಂದೇ ಕಾರ್ಡಲ್ಲಿ ಮೂವರು ಹೋಗಕ್ಕಾಗಲ್ಲ ಸರ್. ಒಳಗೆ ಹೋಗೋವಾಗ ಯಾವ ಸ್ಟೇಷನ್ ಅಂತ ಕಾರ್ಡಲ್ಲಿ ದಾಖಲಾಗುತ್ತೆ, ಹೊರಗೆ ಬರೋವಾಗ ದೂರ ಲೆಕ್ಕ ಹಾಕಿ ಕಟ್ ಆಗುತ್ತೆ, ಅದಕ್ಕೆ ಒಬ್ಬರಿಗೆ ಒಂದು ಕಾರ್ಡು. ಮಗಳಿಗೆ ಮಕ್ಕಳ ಕಾರ್ಡು ಮಾಡಿಸಿ, ಅರ್ಧ ಚಾರ್ಜು. ಅದಕ್ಕೆ ಪಾಸ್‌ಪೋರ್ಟ್ ತೋರ್ಸಿ ಕೌಂಟರಲ್ಲೇ ಕೇಳಿ, ಇಳಿದ ಸುಸ್ತಲ್ಲಿ ಆಮೇಲೆ ನೋಡೋಣ ಅಂತ ಬಿಡ್ಬೇಡಿ, ಏರ್‌ಪೋರ್ಟಲ್ಲೇ ಮುಗಿಸ್ಕೊಳ್ಳಿ.

ದುಡ್ಡು ಹಾಕೋ ವಿಷ್ಯ ಸ್ವಲ್ಪ ಗಮನ ಇಟ್ಟು ಓದಿ, ನಮ್ಮವ್ರು ಹೆಚ್ಚು ಪರದಾಡೋದು ಇಲ್ಲೇ. ಸ್ಟೇಷನ್ ಮಷೀನಲ್ಲಿ ಇಂಗ್ಲಿಷ್ ಬಟನ್ ಇರುತ್ತೆ, ಅದನ್ನ ಒತ್ತಿ ಕಾರ್ಡ್ ಒಳಗೆ ಹಾಕಿದ್ರೆ ಎಷ್ಟು ಉಳಿದಿದೆ ಅಂತ ತೋರ್ಸುತ್ತೆ, ಮೊತ್ತ ಆರಿಸಿ ನೋಟು ಹಾಕ್ಬೇಕು. ನೋಟೇ ಬೇಕು, ಹೆಚ್ಚಿನ ಮಷೀನುಗಳು ಬ್ಯಾಂಕ್ ಕಾರ್ಡ್ ತಗೊಳ್ಳಲ್ಲ. ಹಾಗಾಗಿ ಜೇಬಲ್ಲಿ ಯಾವಾಗ್ಲೂ ಕೆಲವು 1,000 ಯೆನ್ ನೋಟು ಇರ್ಲಿ. ಇಳಿಯೋವಾಗ ದುಡ್ಡು ಕಮ್ಮಿ ಬಿದ್ದು ಗೇಟ್ ಮುಚ್ಕೊಂಡ್ರೆ ಹೆದರ್ಬೇಡಿ, ಗೇಟಿನ ಒಳಗಡೆ ಪಕ್ಕದಲ್ಲೇ ಬಾಕಿ ಕಟ್ಟೋ ಮಷೀನ್ ಇರುತ್ತೆ, ಅಲ್ಲಿ ಹಾಕಿ ಹೊರಗೆ ಬನ್ನಿ, ಯಾರೂ ಬೈಯಲ್ಲ.

ಅಣ್ಣನ ಮಗ ಬಹುಶಃ ಐಫೋನಲ್ಲಿರೋ ಸುಯಿಕಾ ಬಗ್ಗೆ ಹೇಳಿರ್ಬೇಕು. ಅನುಕೂಲವೇ, ಆದ್ರೆ ನಿಮ್ಮ ಬ್ಯಾಂಕಿನ ಕಾರ್ಡು ಆಪಲ್ ಪೇಗೆ ಸೇರದೇ ಇದ್ರೆ ವಾಲೆಟ್ಟಿಂದ ದುಡ್ಡು ತುಂಬಕ್ಕಾಗಲ್ಲ, ಆಮೇಲೆ ಅದಕ್ಕೂ ಅಂಗಡಿಗೆ ಹೋಗಿ ಕ್ಯಾಶ್ ಕೊಡೋದೇ. ಆಂಡ್ರಾಯ್ಡ್ ಆದ್ರೆ ಆ ಯೋಚನೆಯನ್ನೇ ಬಿಡಿ, ಜಪಾನಲ್ಲಿ ಮಾರಿದ ಫೋನು ಬಿಟ್ಟು ಬೇರೆಯವುಗಳಲ್ಲಿ ಸಾಮಾನ್ಯವಾಗಿ ಅದು ನಡೆಯಲ್ಲ. ಪ್ಲಾಸ್ಟಿಕ್ ಕಾರ್ಡೇ ನೆಮ್ಮದಿ. ಫೋನ್ ಚಾರ್ಜ್ ಹೋದ್ರೂ ಮಗಳು ಕಾರ್ಡ್ ಹಿಡಿದು ಗೇಟ್ ದಾಟ್ತಾಳೆ.

ಟೋಕಿಯೋದಿಂದ ಕ್ಯೋಟೋಗೆ ಶಿಂಕಾನ್ಸೆನ್ ಟಿಕೆಟ್ ಬೇರೆ, ದೊಡ್ಡವರಿಗೆ ಸುಮಾರು 14,000 ಯೆನ್, ಅದನ್ನ ಫಾರೆಕ್ಸ್ ಕಾರ್ಡಲ್ಲಿ ತಗೊಳ್ಳಿ. ಮಾಮೂಲಿ ಲೋಕಲ್ ರೈಲಲ್ಲೂ ಒಂದು ಪ್ರಾಂತ್ಯದಲ್ಲಿ ಟ್ಯಾಪ್ ಮಾಡಿ ಹತ್ತಿ ಇನ್ನೊಂದರಲ್ಲಿ ಇಳಿಯಕ್ಕೆ ಸುಯಿಕಾದಂಥ ಕಾರ್ಡಲ್ಲಿ ಬರಲ್ಲ. ಜೆಆರ್ ರೈಲುಗಳಲ್ಲಿ 7 ದಿನ ಓಡಾಡೋ ಜೆಆರ್ ಪಾಸ್ ಯಾರಾದ್ರೂ ಹೇಳಿದ್ರೆ ಬೇಡ ಅನ್ನಿ, 2023ರ ಅಕ್ಟೋಬರಲ್ಲಿ ಅದನ್ನ 50,000 ಯೆನ್‌ಗೆ ಏರಿಸಿದ್ದಾರೆ, ನಿಮ್ಮ ದಾರಿಗೆ ಖಂಡಿತ ನಷ್ಟ.

ಕ್ಯೋಟೋ ಸಿಟಿ ಬಸ್ಸಲ್ಲಿ ಹಿಂದಿನ ಬಾಗಿಲಲ್ಲಿ ಹತ್ತಿ ಮುಂದಿನ ಬಾಗಿಲಲ್ಲಿ ಇಳೀಬೇಕು, ಊರೊಳಗೆ ಎಲ್ಲಿಗೆ ಹೋದ್ರೂ ಒಂದೇ ಚಾರ್ಜು, ಇಳಿಯೋವಾಗ ಡ್ರೈವರ್ ಪಕ್ಕ ಒಂದು ಸಲ ಟ್ಯಾಪ್. ಕೊನೇ ದಿನ ಕಾರ್ಡಲ್ಲಿ ಉಳಿದಿದ್ದನ್ನ ಸ್ಟೇಷನ್ ಅಂಗಡೀಲಿ ಮಗಳಿಗೆ ತಿಂಡಿ ಕೊಡ್ಸಿ ಖಾಲಿ ಮಾಡಿ. ಅಂಗಡೀಲಿ ಫಾರೆಕ್ಸ್ ಕಾರ್ಡ್ ಕೊಟ್ಟಾಗ ಯೆನ್ನಾ ರೂಪಾಯಿನಾ ಅಂತ ಕೇಳಿದ್ರೆ ಯೆನ್ ಅಂತಲೇ ಹೇಳಿ, ರೂಪಾಯಿ ಅಂದ್ರೆ ಅವ್ರ ರೇಟಲ್ಲಿ ಜಾಸ್ತಿ ಹೋಗುತ್ತೆ.

ಪ್ರಶ್ನೆ: ಮೇಡಂ, ಕಕ್ಕಬ್ಬೆಯಲ್ಲಿ ನಮ್ಮ ಹೋಂಸ್ಟೇ ಇದೆ. ತಡಿಯಂಡಮೋಳ್ ಹತ್ತಕ್ಕೆ ಬರೋ ಫಾರಿನ್ ಗೆಸ್ಟುಗಳು ನಮ್ಮ ಹಾಗೆ ಸ್ಕ್ಯಾನ್ ಮಾಡಿ ಕೊಡ್ತೀವಿ, ಏನಾದ್ರೂ ದಾರಿ ಇದ್ಯಾ ಅಂತ ಕೇಳ್ತಾರೆ. ಅವ್ರಿಗೆ ಏನು ಹೇಳ್ಲಿ?

ಉತ್ತರ: ದಾರಿ ಇದೆ. ಯುಪಿಐ ವನ್ ವರ್ಲ್ಡ್ ಅಂತ ಹೊರದೇಶದವ್ರಿಗೇ ಮಾಡಿರೋ ಪ್ರೀಪೇಯ್ಡ್ ವಾಲೆಟ್. 2023ರಲ್ಲಿ ಜಿ20 ದೇಶದವ್ರಿಗೆ ಮೊದಲು ಶುರುವಾಗಿ ಆಮೇಲೆ ಬೇರೆಯವ್ರಿಗೂ ಬಂತು. ಇಲ್ಲಿನ ಬ್ಯಾಂಕ್ ಖಾತೆ ಬೇಡ, ಪಾಸ್‌ಪೋರ್ಟು, ವೀಸಾ ತೋರ್ಸಿ ದುಡ್ಡು ತುಂಬಿಸ್ಕೊಂಡ್ರೆ ಆಯ್ತು, ಉಳಿದಿದ್ದು ಹೊರಡೋವಾಗ ವಾಪಸ್ ತಗೋಬಹುದು. ಬುಕಿಂಗ್ ಮಾಡ್ದಾಗಲೇ ಅವ್ರಿಗೆ ಮೆಸೇಜ್ ಹಾಕಿ, ಬೆಂಗಳೂರಲ್ಲೇ ಮಾಡಿಸ್ಕೊಂಡು ಬನ್ನಿ ಅಂತ. ನಮ್ಮ ಕೊಡಗು ಜಿಲ್ಲೇಲಿ ಏರ್‌ಪೋರ್ಟೂ ಇಲ್ಲ ರೈಲೂ ಇಲ್ಲ, ಇಲ್ಲಿಗೆ ಬಂದ್ಮೇಲೆ ಅದಕ್ಕೆ ಓಡಾಡೋದು ಕಷ್ಟ.

ನೀವು ಮಾಡ್ಕೋಬೇಕಾದ್ದೂ ಒಂದಿದೆ. ಆ ವಾಲೆಟ್ಟಿಂದ ವ್ಯಾಪಾರಿ ಖಾತೆಗೆ ಮಾತ್ರ ದುಡ್ಡು ಹೋಗುತ್ತೆ. ನಿಮ್ಮ ಫೋನ್ ನಂಬರಿನ ಸ್ವಂತ ಕ್ಯೂಆರ್ ಗೋಡೆಗೆ ಅಂಟಿಸಿದ್ರೆ ಅವ್ರು ಎಷ್ಟು ಸಲ ಸ್ಕ್ಯಾನ್ ಮಾಡಿದ್ರೂ ಆಗಲ್ಲ, ಗೆಸ್ಟಿಗೂ ಬೇಜಾರು ನಿಮ್ಗೂ ಮುಜುಗರ. ಬ್ಯಾಂಕಿಗೆ ಹೋಗಿ ಹೋಂಸ್ಟೇ ಹೆಸರಲ್ಲಿ ವ್ಯಾಪಾರಿ ಕ್ಯೂಆರ್ ಮಾಡಿಸಿ. ಮಾಂದಲ್‌ಪಟ್ಟಿ ಜೀಪಿನವ್ರು, ಆಟೋದವ್ರು ಸ್ವಂತ ನಂಬರೇ ಇಟ್ಟಿರೋದು ಜಾಸ್ತಿ, ಅದಕ್ಕೆ ಗೆಸ್ಟುಗಳಿಗೆ ಮಡಿಕೇರಿನೋ ವಿರಾಜಪೇಟೆನೋ ದಾಟೋವಾಗಲೇ ಎಟಿಎಮ್ಮಲ್ಲಿ ಒಂದಿಷ್ಟು ಕ್ಯಾಶ್ ತೆಗ್ದಿಟ್ಕೊಳ್ಳಕ್ಕೆ ಹೇಳಿ, ಮಳೆಗಾಲದಲ್ಲಂತೂ ಕರೆಂಟೂ ಟವರೂ ಒಟ್ಟಿಗೇ ಹೋಗುತ್ತೆ. ಪಾಸ್‌ಪೋರ್ಟ್ ಹೇಗೂ ಕೈಗೆ ಬಂದಿರುತ್ತಲ್ಲ, ಆಗಲೇ ಫಾರಿನ್ ಗೆಸ್ಟ್ ಬಂದಿದ್ದನ್ನ ಸರ್ಕಾರಕ್ಕೆ ತಿಳಿಸೋ ಫಾರ್ಮ್ (ಮೊದಲು ಫಾರ್ಮ್ ಸಿ ಅಂತಿದ್ರು) ಕೂಡ ಆನ್‌ಲೈನಲ್ಲಿ ತುಂಬಿಬಿಡಿ, ಬಂದ 24 ಗಂಟೆ ಒಳಗೆ ಹೋಗ್ಬೇಕು.