ಕ್ರೈಸ್ತ ವಿಶ್ವಾಸಿಗಳು ಸತ್ಯವೇದವನ್ನು (ಬೈಬಲನ್ನು) ಪ್ರತಿದಿನ ಏಕೆ ಓದಬೇಕು?

ಭಾನುವಾರದ ಪ್ರಸಂಗ ಕೇಳಿದರೆ ಸಾಲದೇ ಎಂಬ ಸಂದೇಹಕ್ಕೆ ಅಪೊಸ್ತಲರ ಕೃತ್ಯಗಳು 17:11ರಲ್ಲಿಯೇ ಉತ್ತರವಿದೆ: ಬೆರೋಯ ಪಟ್ಟಣದ ಜನರು ಅಪೊಸ್ತಲ ಪೌಲನ ಬೋಧನೆಯನ್ನು ಸಿದ್ಧಮನಸ್ಸಿನಿಂದ ಕೇಳಿದರೂ, ಅವನು ಹೇಳಿದ್ದು ನಿಜವೋ ಎಂದು ಶಾಸ್ತ್ರಗ್ರಂಥಗಳನ್ನು ಪ್ರತಿದಿನವೂ ಪರಿಶೋಧಿಸುತ್ತಿದ್ದರು, ಮತ್ತು ಆ ಗ್ರಂಥವನ್ನು ಬರೆದ ಲೂಕನು ಅದನ್ನು ಅವಿಶ್ವಾಸವೆಂದು ಟೀಕಿಸದೆ ಸದ್ಗುಣವೆಂದೇ ಮೆಚ್ಚುತ್ತಾನೆ.

ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಮತ್ತಾಯನ ಸುವಾರ್ತೆಯ 4ನೇ ಅಧ್ಯಾಯದಲ್ಲಿ, 40 ದಿನ ಉಪವಾಸವಿದ್ದು ಹಸಿದಿದ್ದ ಯೇಸುವನ್ನು ಸೈತಾನನು ಮೂರು ಬಾರಿ ಪ್ರಲೋಭನೆಗೆ ಒಡ್ಡಿ ಶೋಧಿಸಿದಾಗ, ಆತನು ಮೂರು ಬಾರಿಯೂ ಉತ್ತರಿಸಿದ್ದು ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯಗಳ ಮಾತುಗಳಿಂದ. ಸುರುಳಿ ಬಿಚ್ಚಿ ಹುಡುಕಿದ ಪ್ರಸ್ತಾಪ ಅಲ್ಲಿಲ್ಲ, ವಾಕ್ಯ ಆಗಲೇ ಹೃದಯದಲ್ಲಿತ್ತು. ಅದೇ ಸಂದರ್ಭದಲ್ಲಿ ಸೈತಾನನೂ 91ನೇ ಕೀರ್ತನೆಯನ್ನು ಸಂದರ್ಭದಿಂದ ಬೇರ್ಪಡಿಸಿ ಉದ್ಧರಿಸುತ್ತಾನೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಬಿಡಿ ವಚನಗಳನ್ನು ಬಾಯಿಪಾಠ ಮಾಡಿದವರು ಇಂಥ ದುರ್ಬಳಕೆಗೆ ಸುಲಭವಾಗಿ ಮೋಸಹೋಗಬಹುದು. ಹಿಂದುಮುಂದಿನ ಸಂದರ್ಭವನ್ನು ತಿಳಿಯುವುದು ನಿತ್ಯದ ಓದಿನಿಂದಲೇ.

ಎಷ್ಟು ಓದಬೇಕೆಂಬ ನಿಯಮವೇನೂ ಇಲ್ಲ. ದಿನಕ್ಕೆ ಮೂರು-ನಾಲ್ಕು ಅಧ್ಯಾಯಗಳಂತೆ ಓದಿದರೆ ಒಂದು ವರ್ಷದಲ್ಲಿ ಇಡೀ ಗ್ರಂಥ ಮುಗಿಯುತ್ತದೆ, ಆದರೆ ಆ ಉತ್ಸಾಹದಲ್ಲಿ ಹೊರಟು, ವಿಧಿನಿಯಮಗಳೇ ಹೆಚ್ಚಾಗಿರುವ ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ಕೈಬಿಡುವವರೂ ಉಂಟು. ಹೊಸಬರು ಮಾರ್ಕನ ಸುವಾರ್ತೆಯ 16 ಅಧ್ಯಾಯಗಳನ್ನು ದಿನಕ್ಕೊಂದರಂತೆ ಓದಿ, ಓದಿದ ಭಾಗವನ್ನೇ ಆ ದಿನದ ಪ್ರಾರ್ಥನೆಗೆ ಆಧಾರ ಮಾಡಿಕೊಳ್ಳುವುದು ಉತ್ತಮವೆಂದು ನನ್ನ ಅಭಿಪ್ರಾಯ.