ಡಾಕ್ಟರ್ ಚೀಟಿ ಇಲ್ಲದೆ ನೇರವಾಗಿ ಫಿಸಿಯೋಥೆರಪಿಗೆ ಹೋಗಬಹುದಾ?

ತಾಯಿಯ ಮೊಣಕಾಲು ನೋವಿಗೆ ನೇರವಾಗಿ ಫಿಸಿಯೋ ಹತ್ತಿರ ಹೋಗಲು ಭಯ, ಸರ್ಕಾರ ಡಾಕ್ಟರ್ ಚೀಟಿ ಕಡ್ಡಾಯ ಮಾಡಬೇಕಲ್ವಾ ಅಂತ ಕೇಳಿದ್ದೀರಿ. ನಾನು ಚೀಟಿ ಹಿಡಿದುಕೊಂಡೇ ಹೋಗಿದ್ದೆ ನೋಡಿ.

ಸಿಂಧನೂರಿನ ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಭತ್ತದ ಸೀಸನ್‌ನಲ್ಲಿ ಬೆನ್ನು ಹಿಡಿಯಿತು. ಡಾಕ್ಟರ್ ಹತ್ತಿರ ಜನವೋ ಜನ. ಎಲ್ಲಿ ನೋವು ಅಂದರು, ತೋರಿಸಿದೆ. ಮಾತ್ರೆ ಬರೆದು, ಕೆಳಗೆ ‘ಫಿಸಿಯೋ’ ಅಂತ ಗೀಚಿದರು. ಫಿಸಿಯೋ ಸೆಂಟರ್‌ನಲ್ಲಿ ಚೀಟಿ ನೋಡಿದವರೇ ಮಲಗಿಸಿ, ನೋವು ತಗ್ಗಿಸುವ ಮಷೀನ್‌ನಿಂದ ಬೆನ್ನಿಗೆ ಸಣ್ಣ ಕರೆಂಟ್ ಇಟ್ಟರು.

ನಾನು ಎಡವಿದ್ದು ಇಲ್ಲಿ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಬಾಯ್ಲರ್ ಕಾವು ಅಂದುಕೊಂಡೆ. ಬೆಲ್ಟ್‌ಗೆ ಹೊಸ ತೂತು ಹಾಕಿಸಿದ್ದೆ. ಅನ್ನ ಬಿಟ್ಟು ರೊಟ್ಟಿ ಹಿಡಿದಿದ್ದಕ್ಕೆ ತೂಕ ಇಳಿದಿದೆ ಅಂತ ಖುಷಿಪಟ್ಟೆ! ಸ್ನಾಯು ಹಿಡಿದ ನೋವು ಮಲಗಿದರೆ ಸಾಮಾನ್ಯವಾಗಿ ತಗ್ಗುತ್ತದೆ. ನನ್ನದು ರಾತ್ರಿಯೇ ಜಾಸ್ತಿ. ಇದ್ಯಾವುದನ್ನೂ ಮುಚ್ಚಿಡಲಿಲ್ಲ, ಸುಮ್ನೆ ಹೇಳಲಿಲ್ಲ. ಡಾಕ್ಟರೇ ಬರೆದುಕೊಟ್ಟ ಮೇಲೆ ಇನ್ನೇನು ಹೇಳುವುದು ಅನ್ನಿಸಿತ್ತು. ಫಿಸಿಯೋಗೂ ಹಾಗೇ ಅನ್ನಿಸಿರಬೇಕು, ಡಾಕ್ಟರ್ ನೋಡಿಯೇ ಕಳಿಸಿದ್ದಾರೆ ಅಂತ. ಚೀಟಿಯೇ ಇಲ್ಲದಿದ್ದರೆ ಅವರು ನಾಲ್ಕು ಪ್ರಶ್ನೆ ಕೇಳುತ್ತಿದ್ದರೋ ಏನೋ.

ಕರೆಂಟ್ ಇಟ್ಟ ದಿನ ಹಾಯೆನಿಸುತ್ತಿತ್ತು, ಅದಕ್ಕೇ ಎಳೆದೆ. ಒಂದು ದಿನ ನಡೆಯುವಾಗ ಎಡಗಾಲಿನ ಚಪ್ಪಲಿ ಕಳಚಿದ್ದೇ ಗೊತ್ತಾಗಲಿಲ್ಲ. ರಾಯಚೂರಿಗೆ ಓಡಿದೆವು. ಎಂಆರ್‌ಐ ಮಾಡಿದರೆ ಬೆನ್ನುಮೂಳೆಯ ಟಿಬಿ. ಔಷಧಿ ಸರ್ಕಾರದ್ದೇ, ಉಚಿತ. ಆದರೆ ವರ್ಷಕ್ಕೂ ಮೇಲೆ ನುಂಗಬೇಕಾಯಿತು. ಆ ಸೀಸನ್ ಸಂಬಳವೂ ಹೋಯಿತು. ಮತ್ತೆ ನೆಟ್ಟಗೆ ನಡೆಸಿದ್ದು ಇನ್ನೊಬ್ಬ ಫಿಸಿಯೋ. ಆತ ಮೊದಲ ದಿನ ಮಷೀನ್ ಮುಟ್ಟಲೇ ಇಲ್ಲ, ಬರೀ ಪ್ರಶ್ನೆ.

ಹಾಗಾಗಿ ಚೀಟಿ ಕಡ್ಡಾಯ ಅನ್ನುವ ವಾದ ನನಗೆ ಒಪ್ಪಿಗೆ ಇಲ್ಲ. ಕಡ್ಡಾಯ ಮಾಡಿದರೆ ಚೀಟಿ ಬರೆಯುವುದಕ್ಕೂ ಒಂದು ಫೀಸು ಹುಟ್ಟುತ್ತದೆ, ಅಷ್ಟೇ. ಫಿಸಿಯೋ, ಲ್ಯಾಬ್ ಟೆಕ್ನಿಷಿಯನ್ ಥರದ ಆರೋಗ್ಯ ವೃತ್ತಿಗಳಿಗಾಗಿ ಇರುವ ಕೇಂದ್ರದ 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯಲ್ಲೇ, ಫಿಸಿಯೋಥೆರಪಿಸ್ಟ್ ಸ್ವತಂತ್ರವಾಗಿ ಕೆಲಸ ಮಾಡಬಹುದು, ಕನಿಷ್ಠ ಪದವಿ ಇರಬೇಕು ಅಂತ ಇದೆ. ಅಮೆರಿಕದ 50 ರಾಜ್ಯಗಳಲ್ಲೂ ಒಂದಲ್ಲ ಒಂದು ರೀತಿ ನೇರವಾಗಿ ಹೋಗಲು ಅವಕಾಶ ಇದೆ. ನಿಯಮ ಮಾಡುವುದಾದರೆ ಮೊದಲ ದಿನದ ವಿಚಾರಣೆ ಬರೆದಿಡುವುದನ್ನು ಕಡ್ಡಾಯ ಮಾಡಲಿ. ಜ್ವರ, ತೂಕ ಇಳಿತ, ರಾತ್ರಿ ನೋವು, ಕಾಲಿನ ಶಕ್ತಿ ಕುಂದುವುದು, ಮೂತ್ರ ಕಟ್ಟುವುದು, ಇವುಗಳಲ್ಲಿ ಯಾವುದಿದ್ದರೂ ಕರೆಂಟ್ ಇಡದೆ ಡಾಕ್ಟರ್ ಹತ್ತಿರ ಕಳಿಸಲಿ. ಡಿಗ್ರಿ ಇಲ್ಲದೆ ಮಷೀನ್ ಇಟ್ಟುಕೊಂಡು ಕೂತವರ ಬೋರ್ಡು ಮೊದಲು ಇಳಿಸಲಿ.

ನಿಮ್ಮ ತಾಯಿಗೆ ಮೆಟ್ಟಿಲು ಹತ್ತುವಾಗ, ಕೂತು ಏಳುವಾಗ ಮಾತ್ರ ನೋವಾದರೆ ಬಿಪಿಟಿ (ಫಿಸಿಯೋಥೆರಪಿ ಪದವಿ) ಓದಿದವರ ಹತ್ತಿರ ನೇರವಾಗಿ ಕರೆದುಕೊಂಡು ಹೋಗಿ. ಮೊಣಕಾಲು ಕೆಂಪಗೆ ಊದಿ ಬಿಸಿಯಾಗಿದ್ದರೆ, ಜ್ವರ ಇದ್ದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ ಮೊದಲು ಡಾಕ್ಟರ್. ಎಲ್ಲಿಗೆ ಹೋದರೂ ಅವರು ಕೇಳಲಿ ಅಂತ ಕಾಯಬೇಡಿ, ನೀವೇ ಎಲ್ಲ ಹೇಳಿಬಿಡಿ.